ಅಕ್ಕನ ಹೆಸರಿನಲ್ಲಿ ಒಂದು ವಾಯಿದೆ

ಕೋರ್ಟಿನಲ್ಲಿ ಅವರಿಗೆ ವಾಯಿದೆ ವಕೀಲರು ಅಂತ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನು ತಿರುಗಿದ ಮೇಲೆ ಮಾತ್ರ. ಅವರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಒಳಗೊಳಗೇ ಖುಷಿಪಡುತ್ತಿದ್ದರು. ವಾಯಿದೆ ಅಂದರೆ ಮತ್ತೇನಲ್ಲ, ಇವತ್ತು ನಡೆಯಬೇಕಾದ ವಿಚಾರಣೆಯನ್ನು ಮುಂದಿನ ತಾರೀಖಿಗೆ ತಳ್ಳಿಸಿಕೊಳ್ಳುವುದು. ಕೆಲವು ವಕೀಲರು ವಾದದಲ್ಲಿ ಹುಲಿ, ಕೆಲವರು ಪಾಟೀಸವಾಲಿನಲ್ಲಿ ಹುಲಿ. ನಮ್ಮವರು ಎರಡರಲ್ಲೂ ಅಷ್ಟಕ್ಕಷ್ಟೇ. ಆದರೆ ಮುಖ ಸಣ್ಣಗೆ ಮಾಡಿಕೊಂಡು, ಕೈ ಕಟ್ಟಿ, "ಸ್ವಾಮಿ, ಒಂದೇ ಒಂದು ವಾಯಿದೆ" ಅಂತ ನಿಂತರೋ, ಕಲ್ಲೂ ಕರಗಬೇಕು. ಯಮ ಬಂದು ಬಾಗಿಲಲ್ಲಿ ನಿಂತರೂ ಇವರು ಇನ್ನೊಂದು ತಾರೀಖು ತಗೊಂಡೇ ಕಳಿಸುತ್ತಾರೆ ಅಂತ ವಕೀಲರ ಕೋಣೆಯಲ್ಲಿ ನಗುತ್ತಿದ್ದರು.

ನೆಪಗಳಲ್ಲೂ ಮೇಲು ಕೀಳು ಇರುತ್ತೆ. ಜ್ವರ, ಹಲ್ಲುನೋವು, ಕೆಟ್ಟುನಿಂತ ಗಾಡಿ, ಇವೆಲ್ಲ ಎಳಸು ವಕೀಲರಿಗೆ. ಎಲ್ಲಕ್ಕಿಂತ ಗಟ್ಟಿ ನೆಪ ಸಾವು. ಸತ್ತದ್ದಕ್ಕೆ ಪುರಾವೆ ಕೇಳುವುದು ಮರ್ಯಾದೆಯಲ್ಲ ಅಂತ ವಕೀಲರಲ್ಲೇ ಒಂದು ಒಪ್ಪಂದ. ಎದುರು ಪಕ್ಷದವರು ಎದ್ದು ನಿಂತು, ತಲೆ ತಗ್ಗಿಸಿ, "ನಮ್ಮ ತಕರಾರಿಲ್ಲ" ಅನ್ನಬೇಕು, ಅಷ್ಟೇ. ನಮ್ಮವರು ಒಬ್ಬ ಸೋದರಮಾವನನ್ನು ಹೀಗೆ ಎರಡು ಸಲ ಸಾಯಿಸಿದ್ದರು. "ಮಾವ ಹೋದ ವರ್ಷವೇ ತೀರ್ಕೊಂಡ್ರಲ್ಲ ಸಾರ್?" ಅಂತ ಕೋರ್ಟಿನ ಗುಮಾಸ್ತರು ಕೇಳಿದಾಗ, "ಅವರು ದೊಡ್ಡ ಮಾವ" ಅಂದು ಜಾರಿಕೊಂಡಿದ್ದರು. ಥೂ, ಅದಕ್ಕೂ ಒಂದು ಧೈರ್ಯ ಬೇಕು!

ಮನೆಯಲ್ಲಿ ಇದ್ದವರು ಇಬ್ಬರೇ, ಅವರು ಮತ್ತು ಅವರ ಅಕ್ಕ. ಅಪ್ಪ ಅಮ್ಮ ಹೋದಾಗ ವಕೀಲರಿಗೆ ಚಡ್ಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಸಾಕಿದಳು. ತಮ್ಮನ ಓದು ಮುಗಿಯಲಿ ಅಂತ ತನ್ನ ಮದುವೆಯನ್ನು ಮುಂದಕ್ಕೆ ಹಾಕಿದಳು, ಆಮೇಲೆ ಕೆಲಸಕ್ಕೆ ನೆಲೆ ಸಿಗಲಿ ಅಂತ ಇನ್ನಷ್ಟು ಮುಂದಕ್ಕೆ. ಕೊನೆಗೆ ಕೇಳುವವರೇ ಇಲ್ಲವಾದರು. ತಮ್ಮನ ಮೊದಲ ಕಪ್ಪು ಕೋಟು ಅವಳೇ ಹೊಲಿದದ್ದು. ತಲೆ ನರೆತ ಮೇಲೂ ವಕೀಲರು ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ಕುತ್ತಿಗೆ ಮುಂದೆ ಚಾಚಿ ನಿಲ್ಲಬೇಕು, ಅಕ್ಕ ಕಾಲರಿನ ಬಿಳಿ ಪಟ್ಟಿ ನೇರ ಮಾಡಿ, "ಹೋಗು ಪುಟ್ಟ, ಯಾರ ಬಾಯಿಗೂ ಬೀಳಬೇಡ" ಅನ್ನಬೇಕು. ಅದಾದ ಮೇಲೇ ಕೋರ್ಟು.

ಇಂಥವರ ಕೈಗೆ ಬಂತು ಹಾಸಿಗೆ ಅಂಗಡಿಯವನ ಕೇಸು. ಒಬ್ಬ ಅಜ್ಜಿಯ ಮನೆಯ ಕೆಳಗಿನ ಕೋಣೆಯನ್ನು ಅವನು ಬಾಡಿಗೆಗೆ ಹಿಡಿದು ತನ್ನ ಹಾಸಿಗೆಗಳನ್ನು ತುಂಬಿದ್ದ. ಅಜ್ಜಿಯ ವಾಸ ಮೇಲಿನ ಕೋಣೆಯಲ್ಲಿ. ಮಂಡಿ ಎರಡೂ ಹೋಗಿದ್ದವು. ಮೆಟ್ಟಿಲು ಹತ್ತಿ ಇಳಿಯಲು ಆಗುವುದಿಲ್ಲ, ನನ್ನ ಕೆಳಗಿನ ಕೋಣೆ ನನಗೆ ಬಿಡಿಸಿಕೊಡಿ ಅಂತ ದಾವೆ ಹಾಕಿದ್ದಳು. ಇಷ್ಟೇ ಕೇಸು. ನ್ಯಾಯವಾಗಿ ನಡೆದರೆ ಸೋಲುವುದು ಖಂಡಿತ ಅಂತ ಹಾಸಿಗೆಯವನಿಗೂ ಗೊತ್ತು. "ಎಳೀತಾ ಇರಿ ಸಾರ್. ಮುದುಕಿ ಸುಸ್ತಾಗಿ ಮನೇನೇ ನನಗೆ ಮಾರಿ ಹೋಗ್ತಾಳೆ" ಅಂದಿದ್ದ. ಎಳೆಯುವುದಾದರೆ ನಮ್ಮವರಿಗಿಂತ ಬೇಕೇ?

ಜ್ವರ, ಹಲ್ಲು, ಗಾಡಿ ಎಲ್ಲ ಮುಗಿದವು. ಪ್ರತಿ ಸಲವೂ ಅಜ್ಜಿ ಬರುವಳು, ಕಾಯುವಳು, ಹೋಗುವಳು. ಕೊನೆಗೆ ನ್ಯಾಯಾಧೀಶರು ರೇಗಿ, ಮುಂದಿನ ಸಲ ಏನೇ ಆದರೂ ಸಾಕ್ಷಿ ಕೇಳುತ್ತೇನೆ ಅಂದುಬಿಟ್ಟರು. ಆ ದಿನ ಅಜ್ಜಿಯನ್ನು ಇಬ್ಬರು ಹಿಡಿದು ಕಟಕಟೆಗೆ ಹತ್ತಿಸಿ ನಿಲ್ಲಿಸಿದರು. ಹಿಂದಿನಿಂದ ಹಾಸಿಗೆಯವನು ಕೆಮ್ಮಿದ. ವಕೀಲರು ಎದ್ದರು. ಹೊಸ ನೆಪ ಯಾವುದೂ ನೆನಪಿಗೆ ಬರಲಿಲ್ಲ. ಗಾಬರಿಯಲ್ಲಿ ಕೈ ಕಾಲರಿನ ಪಟ್ಟಿಗೆ ಹೋಯಿತು, ಬೆಳಿಗ್ಗೆ ಅಕ್ಕ ಸರಿಮಾಡಿದ ಪಟ್ಟಿ.

"ಸ್ವಾಮಿ, ನಮ್ಮ ಅಕ್ಕ ತೀರಿಕೊಂಡರು."

ಬಾಯಿಂದ ಬಿದ್ದುಹೋಯಿತು. ಆಮೇಲೆ ಹಿಂದಕ್ಕೆ ತಗೊಳ್ಳುವುದು ಹೇಗೆ? ಮುಂದುವರಿಸಿದರು. "ಹೋದ ವಾರ. ತಾಯಿ ಹಾಗೆ ಸಾಕಿದವಳು. ಈ ಕೋಟು ಹೊಲಿದದ್ದೂ ಅವಳೇ." ಕೊನೆಯ ಮಾತು ನಿಜವಾದದ್ದಕ್ಕೋ ಏನೋ, ಕಣ್ಣಲ್ಲಿ ನೀರೂ ಬಂತು.

ನ್ಯಾಯಾಧೀಶರು ತಲೆಯಾಡಿಸಿದರು. "ಪಾಪ, ಆಗಬಾರದಿತ್ತು. ಆದರೆ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದಾರೆ. ಅವರ ಸ್ಥಿತಿ ನೋಡಿ. ಈ ಸಲ ವಾಯಿದೆ ಇಲ್ಲ."

ಆಗ ಅಜ್ಜಿಯೇ ಬಾಯಿ ಹಾಕಿದಳು. "ಕೊಡಿ ಸ್ವಾಮಿ ಅವರಿಗೆ. ಸಾಕಿದೋಳು ಹೋದ್ರೆ ಮನುಷ್ಯನಿಗೆ ಕೈಕಾಲು ಆಡಲ್ಲ. ನಾನು ಇನ್ನೊಂದ್ಸಲ ಬರ್ತೀನಿ, ಅದಕ್ಕೇನಂತೆ."

ಅವಳ ಕಡೆಯ ವಕೀಲ ಹಲ್ಲು ಕಡಿದುಕೊಂಡು ಫೈಲು ಮುಚ್ಚಿದ. ಎರಡು ತಿಂಗಳ ವಾಯಿದೆ ಸಿಕ್ಕಿತು. ಹೊರಗೆ ಹಾಸಿಗೆಯವನು ಬೆನ್ನು ತಟ್ಟಿ, "ಏನ್ ಸಾರ್, ಕಣ್ಣೀರೂ ತರಿಸ್ಬಿಟ್ರಲ್ಲ!" ಅಂದ. ವಕೀಲರು ನಕ್ಕರು. ಆ ನಗು ನೆನಪಾದರೆ ಈಗಲೂ ಅವರಿಗೆ ಮೈ ಹಿಡಿಯಷ್ಟಾಗುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ವಕೀಲರ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಅಕ್ಕ ಹೋಗಿ ತೆಗೆದಳು. ಕೊನೆಯ ಮೆಟ್ಟಿಲ ಮೇಲೆ ಅಜ್ಜಿ ಕೂತುಬಿಟ್ಟಿದ್ದಳು, ಮಡಿಲಲ್ಲಿ ಕಿತ್ತಳೆ ಹಣ್ಣಿನ ಚೀಲ. ಉಸಿರು ಮೇಲಕ್ಕೂ ಕೆಳಕ್ಕೂ.

"ವಕೀಲರ ಮನೆ ಇದೇನಾ ತಾಯಿ? ಅವರ ಅಕ್ಕ ಹೋದ್ರಂತಲ್ಲ. ಕೇಳಿದಾಗಿಂದ ಮನಸ್ಸು ತಡೀಲಿಲ್ಲ. ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ."

ಒಳಗೆ ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದ ವಕೀಲರು ಧಡಕ್ಕನೆ ಎದ್ದು ನಿಂತರು. ಅಕ್ಕ ತಿರುಗಿ ತಮ್ಮನನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋದರಮಾವನ ಕಥೆ ಅವಳಿಗೂ ಗೊತ್ತಿತ್ತು, ಅದನ್ನು ಕೇಳಿ ಅವತ್ತು ಬೈದಿದ್ದಳು.

"ಬನ್ನಿ ಅಮ್ಮ, ಕೈ ಕೊಡಿ," ಅಂತ ಅಜ್ಜಿಯನ್ನು ಎಬ್ಬಿಸಿ ಒಳಗೆ ಕೂರಿಸಿ ನೀರು ಕೊಟ್ಟಳು.

"ನೀವು ಯಾರಾಗಬೇಕು?"

"ಮನೇಲಿರೋಳು."

"ಹೇಗೆ ಹೋದ್ರು ತಾಯಿ? ಕಾಯಿಲೆಯಾಗಿತ್ತಾ?"

"ಇಲ್ಲಮ್ಮ. ಇದ್ದಕ್ಕಿದ್ದ ಹಾಗೆ. ಅವಳಿಗೇ ಗೊತ್ತಾಗ್ಲಿಲ್ಲ."

"ನರಳಿದ್ರಾ?"

"ಆಗೇನೂ ನೋವಾಗಿರಲಿಲ್ಲ," ಅಂದಳು ಅಕ್ಕ.

ವಕೀಲರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಜ್ಜಿ ಅವರ ಕೈ ಹಿಡಿದುಕೊಂಡಳು. "ನೀವು ಆ ಹಾಸಿಗೆಯವನ ವಕೀಲರು, ಇರಲಿ. ಅದು ನಿಮ್ಮ ಹೊಟ್ಟೆಪಾಡು. ಕೋರ್ಟಿಂದು ಕೋರ್ಟಿಗೆ. ಸಾವು ಅಂದ್ಮೇಲೆ ಮನುಷ್ಯರು ಮನುಷ್ಯರನ್ನ ನೋಡಬೇಕಲ್ವಾ? ಅತ್ತುಬಿಡಿ, ಒಳಗಿಟ್ಕೋಬೇಡಿ."

ಹೊರಟಾಗ ಕೆಳಗೆ ಬಿಟ್ಟು ಬರಲು ವಕೀಲರೇ ಹೋದರು. ಅಜ್ಜಿ ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಜೋಡಿಸಿ ನಿಂತು, ಮತ್ತೊಂದಕ್ಕೆ ಇಳಿಯುವಳು. ಭಾರವೆಲ್ಲ ಇವರ ತೋಳಿನ ಮೇಲೆ. ಹೇಳಿಬಿಡಬೇಕು, ಈ ತಿರುವಿನಲ್ಲಿ ಹೇಳೋಣ ಅಂದುಕೊಂಡರು. ತಿರುವು ಬಂತು. ಇಲ್ಲ, ಪಾಪ ಸುಸ್ತಾಗಿದ್ದಾಳೆ, ಮುಂದಿನ ತಿರುವಿನಲ್ಲಿ. ಅದೂ ಬಂತು. ಬಾಗಿಲಲ್ಲಿ ಹೇಳೋಣ. ಬಾಗಿಲಲ್ಲಿ ಆಟೋ ನಿಂತಿತ್ತು. ಕಂಡವರ ಹತ್ತಿರವೆಲ್ಲ ವಾಯಿದೆ ಕೇಳಿದವರು ತಮ್ಮ ಮನಸ್ಸಾಕ್ಷಿಯ ಹತ್ತಿರವೂ ಕೇಳುತ್ತಲೇ ಇಳಿದರು. ಅಜ್ಜಿ ಅವರ ಕೆನ್ನೆ ಸವರಿ ಹೊರಟುಹೋದಳು.

ಮೇಲೆ ಬಂದರೆ ಅಕ್ಕ ಕಿತ್ತಳೆ ಸುಲಿಯುತ್ತಿದ್ದಳು. ಒಂದು ತೊಳೆ ಚಾಚಿದಳು. "ತಗೋ, ನನ್ನ ಸಾವಿಗೆ ಬಂದ ಹಣ್ಣು."

"ಅಕ್ಕಾ..."

"ನಾನು ಸತ್ತಿದ್ದಕ್ಕೆ ಎಷ್ಟು ದಿನ ಸಿಕ್ತು?"

"ಎರಡು ತಿಂಗಳು," ಅಂದರು ತಲೆ ತಗ್ಗಿಸಿ.

"ಅಷ್ಟೇನಾ? ಸಾಕಿದ್ದಕ್ಕೆ ಇನ್ನೂ ಸ್ವಲ್ಪ ಸಿಗುತ್ತೆ ಅಂದ್ಕೊಂಡಿದ್ದೆ."

ವಕೀಲರು ಅವಳ ಕಾಲ ಹತ್ತಿರ ಕುಸಿದು, "ತಪ್ಪಾಯ್ತು ಅಕ್ಕ" ಅಂದರು. ಅವಳು ಕಾಲು ಹಿಂದಕ್ಕೆ ತಗೊಂಡಳು. "ನನ್ನ ಹತ್ರ ಯಾಕೋ ಹೇಳ್ತೀಯ? ನಾನು ಸತ್ತೋಳು. ಬದುಕಿರೋರ ಹತ್ರ ಹೋಗಿ ಹೇಳು."

ಮರುದಿನ ಬೆಳಿಗ್ಗೆ ವಕೀಲರು ಬಾಗಿಲಲ್ಲಿ ಕುತ್ತಿಗೆ ಚಾಚಿ ನಿಂತರು. ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅವತ್ತಿನಿಂದ ಅವರ ಪಟ್ಟಿ ಸೊಟ್ಟಗೇ ಇರುತ್ತಿತ್ತು.

ಅಜ್ಜಿಯ ಮನೆಗೆ ಹೋಗಿ ಹೇಳಬೇಕು ಅಂತ ದಿನಾ ಅಂದುಕೊಂಡರು, ದಿನಾ ಮುಂದಕ್ಕೆ ಹಾಕಿದರು. ಅಷ್ಟರಲ್ಲಿ ಹಾಸಿಗೆಯವನು ಕುಣಿಯುತ್ತ ಬಂದ. "ಸಿಕ್ಕಿಬಿದ್ಲು ಸಾರ್ ಮುದುಕಿ! ನಿಮ್ಮನೆಗೆ ಬಂದಿದ್ಲಂತೆ, ತಾನೇ ಹೇಳಿದ್ಲು. ಎರಡು ಮಹಡಿ ಹತ್ತಿದಾಳೆ! ಮೆಟ್ಲು ಹತ್ತಕ್ಕಾಗಲ್ಲ ಅಂತ ಕೇಸು ಹಾಕಿದೋಳು! ಇದೊಂದು ಕೇಳಿ, ಕೇಸು ನಮ್ದೇ."

ಕೇಸಿನ ಮಟ್ಟಿಗೆ ಮಾತು ನಿಜ. ಬೇರೆ ಯಾವ ವಕೀಲನಾದರೂ ಕಣ್ಣಿಗೆ ಒತ್ತಿಕೊಳ್ಳುವಂಥ ಪ್ರಶ್ನೆ. ವಕೀಲರು "ನೋಡೋಣ" ಅಂದರು. ಅದೂ ಒಂದು ವಾಯಿದೆಯೇ.

ವಿಚಾರಣೆಯ ದಿನ ಅಜ್ಜಿ ಕಟಕಟೆಯಲ್ಲಿ ನಿಂತಳು. ವಕೀಲರು ಸುತ್ತುಬಳಸಿ ಏನೇನೋ ಕೇಳಿದರು: ಬಾಡಿಗೆ ಕರಾರು, ಗೋಡೆಯ ಬಣ್ಣ, ಕೋಣೆಯ ಅಗಲ. ಆ ಪ್ರಶ್ನೆ ಮಾತ್ರ ಕೇಳಲಿಲ್ಲ. ಹಾಸಿಗೆಯವನಿಗೆ ತಡೆಯಲಾಗಲಿಲ್ಲ, ಎದ್ದು ಕೂಗಿದ. "ಸ್ವಾಮಿ, ಇವರು ಕೇಳ್ತಿಲ್ಲ, ನಾನು ಹೇಳ್ತೀನಿ! ಈ ಮುದುಕಿ ನಮ್ಮ ವಕೀಲರ ಮನೆಗೇ ಎರಡು ಮಹಡಿ ಹತ್ತಿ ಹೋಗಿದಾಳೆ!"

ನ್ಯಾಯಾಧೀಶರು ಅವನನ್ನು ಗದರಿಸಿ ಕೂರಿಸಿ ಅಜ್ಜಿಯತ್ತ ತಿರುಗಿದರು. "ಹೌದಾ ಅಮ್ಮ? ಯಾಕೆ ಹೋಗಿದ್ದಿರಿ?"

"ಹೌದು ಸ್ವಾಮಿ. ಇವರ ಅಕ್ಕ ಹೋಗಿದ್ರಲ್ಲ. ಮಾತಾಡಿಸ್ದೆ ಇರಕ್ಕಾಗುತ್ತಾ?"

ಎಲ್ಲರೂ ವಕೀಲರನ್ನು ನೋಡಿದರು. ಈಗಲೂ ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಕೇಸು ಗೆಲ್ಲುತ್ತಿತ್ತು, ಮಾನ ಉಳಿಯುತ್ತಿತ್ತು. ಕೈ ಮತ್ತೆ ಕಾಲರಿಗೆ ಹೋಯಿತು. ಪಟ್ಟಿ ಸೊಟ್ಟಗಿತ್ತು.

"ಸ್ವಾಮಿ, ನಮ್ಮ ಅಕ್ಕ ಬದುಕಿದ್ದಾಳೆ. ವಾಯಿದೆಗೋಸ್ಕರ ಸುಳ್ಳು ಹೇಳಿದೆ. ಆ ಸುಳ್ಳು ನಂಬಿ ಇವರು ನಮ್ಮ ಮೆಟ್ಟಿಲು ಹತ್ತಿದರು. ಹೇಗೆ ಹತ್ತಿದರೋ ಗೊತ್ತಿಲ್ಲ, ಇಳಿಸಿದವನು ನಾನು. ಇವರಿಂದ ಒಬ್ಬರೇ ಇಳಿಯಲು ಆಗುವುದಿಲ್ಲ. ಇನ್ನು ಈ ಕೇಸು ನಾನು ನಡೆಸಲಾರೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಕೋರ್ಟೆಲ್ಲ ನಕ್ಕಿತು. ಹಾಸಿಗೆಯವನು, "ಕತ್ತು ಕೊಯ್ದುಬಿಟ್ರಲ್ರೀ!" ಅಂತ ಒದರಿದ, ಬೇರೆ ವಕೀಲರನ್ನು ಹುಡುಕಲು ಸಮಯ ಕೊಡಿ ಅಂತಲೂ ಕೇಳಿದ. "ಒಂದು ದಿನವೂ ಇಲ್ಲ, ಏನಿದ್ದರೂ ಈಗ ನೀನೇ ಕೇಳು" ಅಂದರು ನ್ಯಾಯಾಧೀಶರು. ಆಮೇಲೆ ನಗದೆ, ಕೋಪದಿಂದ, ವಕೀಲರ ಮೇಲೆ ಕ್ರಮ ಆಗಬೇಕು ಅಂತ ಒಂದೊಂದೇ ಮಾತು ಬಿಡಿಸಿ ಬರೆಸತೊಡಗಿದರು. ನಮ್ಮವರು ತಲೆ ತಗ್ಗಿಸಿ ಅದನ್ನೆಲ್ಲ ಕೇಳಿಸಿಕೊಂಡರು. ಅಜ್ಜಿಯೂ ಬೈಯಲಿ, ಶಾಪ ಹಾಕಲಿ, ಅಷ್ಟಾದರೂ ಆಗಲಿ ಅಂತ ಕಾದರು.

"ಹಾಗಾದ್ರೆ ಅವತ್ತು ನನಗೆ ನೀರು ಕೊಟ್ಟೋರು?" ಅಂದಳು ಅಜ್ಜಿ.

"ಅವಳೇ ಅಮ್ಮ. ಅವಳೇ ನಮ್ಮ ಅಕ್ಕ."

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮುಖ ಅರಳಿತು.

"ಬದುಕಿದಾರಾ? ಅಬ್ಬಾ, ಸದ್ಯ! ಎಷ್ಟು ಅತ್ತಿದ್ದೆ ಅವರಿಗೋಸ್ಕರ," ಅಂದಳು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, "ಸ್ವಾಮಿ, ಸ್ವಲ್ಪ ಕೂತ್ಕೋಬಹುದಾ? ಕಾಲು ತುಂಬಾ ನೋಯ್ತಿದೆ."

ವಕೀಲರು ತಮ್ಮ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಕಟಕಟೆಯ ಒಳಗೆ ಇಟ್ಟರು. ಅಜ್ಜಿ ಕೂರಲು ಅವರ ತೋಳಿಗಾಗಿ ಕೈ ಚಾಚಿದಳು. ಅವರು ಕೊಟ್ಟರು, ಆದರೆ ತಲೆ ಎತ್ತಿ ಅವಳ ಮುಖ ನೋಡಲು ಆಗಲಿಲ್ಲ.