ಗಂಗೆಯ ಕೊರಳಲ್ಲಿ ಬೆಳ್ಳಿಯ ಪಟ್ಟಿ

ಎರಡು ವರ್ಷದ ಹಿಂದಿನ ದೀಪಾವಳಿ. ರಾಂಪುರದ ಹತ್ತಿರದ ನಮ್ಮ ತೋಟದಲ್ಲಿ ಹನ್ನೊಂದು ಹಸುಗಳಿದ್ದವು. ಆ ವರ್ಷವಷ್ಟೇ ಕೊಟ್ಟಿಗೆಗೆ ಯಂತ್ರ ಹಾಕಿಸಿದ್ದೆವು. ಪ್ರತಿ ಹಸುವಿನ ಕೊರಳಿಗೂ ಒಂದು ನಂಬರಿನ ಪಟ್ಟಿ. ಹಸು ಬಂದು ನಿಂತರೆ ಯಂತ್ರ ಪಟ್ಟಿಯನ್ನು ಗುರುತಿಸಿ, ಅದರ ಹಾಲಿಗೆ ತಕ್ಕಷ್ಟೇ ಹಿಂಡಿ ಸುರಿಯುತ್ತಿತ್ತು. ಯಾವುದು ಎಷ್ಟು ತಿಂದಿತು, ಎಷ್ಟು ಹಾಲು ಕರೆಯಿತು, ಎಲ್ಲವೂ ನನ್ನ ಫೋನಿನಲ್ಲಿ ಕಾಣುತ್ತಿತ್ತು.

ಹಬ್ಬಕ್ಕೆ ಹಸುಗಳ ಮೈ ತೊಳೆದಾಗ ಪಟ್ಟಿಗಳನ್ನು ಬಿಚ್ಚಿ, ಮತ್ತೆ ಕಟ್ಟಿದವಳು ನಾನೇ.

ಮರುದಿನ ಬೆಳಿಗ್ಗೆ ಪಾಲಮ್ಮ ಬಾಗಿಲಿಗೆ ಬಂದಳು. ನಮ್ಮತ್ತೆಯ ಕಾಲದಿಂದ ಹಸು ನೋಡಿಕೊಳ್ಳುತ್ತಿದ್ದವಳು ಆಕೆ.

"ಗಂಗೆ ಮೆಲುಕು ಹಾಕ್ತಿಲ್ಲ ಕಣವ್ವ. ಹೊಟ್ಟೆ ಬಿಗಿದೈತೆ. ಡಾಕ್ಟ್ರನ್ನ ಕರೆಸು."

ಗಂಗೆ ಏಳು ತಿಂಗಳ ಗಬ್ಬದ ಹಸು, ಹಾಲು ಬತ್ತಿಸಿದ್ದೆವು. ಫೋನು ನೋಡಿದೆ. ಎರಡು ಕಿಲೋ ಹಿಂಡಿ ತಿಂದಿದೆ ಎಂದಿತ್ತು. "ಸರಿಯಾಗೇ ತಿಂದೈತಲ್ಲ" ಎಂದು ಒಲೆಯ ಕಡೆ ತಿರುಗಿದೆ. ಬತ್ತಿದ ಗಂಗೆಯ ಹೆಸರಲ್ಲಿ ಹಾಲೂ ಬಂದಿರುವುದನ್ನು ಅದೇ ಫೋನು ತೋರಿಸುತ್ತಿತ್ತು. ಹಬ್ಬದ ಗಡಿಬಿಡಿಯಲ್ಲಿ ಅದನ್ನು ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಂಗೆ ಮಲಗಿಬಿಟ್ಟಿತ್ತು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು.

"ಹಿಂಡಿ ಮಿತಿಮೀರಿ ಒಳಗೆಲ್ಲ ಹುಳಿಯಾಗೈತ್ರಿ. ಬೆಳಿಗ್ಗೇನೇ ಕರೀಬೇಕಿತ್ತು."

ಗಂಗೆಯ ತಲೆ ಎತ್ತಿ ಹಿಡಿದಿದ್ದ ಪಾಲಮ್ಮ ಕೊರಳ ಪಟ್ಟಿಯ ನಂಬರು ನೋಡಿದಳು. "ಇದು ಬೆಳ್ಳೀದು."

ಬೆಳ್ಳಿ ನಮ್ಮಲ್ಲಿ ಅತಿ ಹೆಚ್ಚು ಹಾಲು ಕೊಡುತ್ತಿದ್ದ ಹಸು. ಅದರ ಪಾಲಿನ ಹತ್ತು ಕಿಲೋ ಹಿಂಡಿ ಗಂಗೆಯ ಹೊಟ್ಟೆ ಸೇರಿತ್ತು; ಗಂಗೆಯ ಪಟ್ಟಿ ಬೆಳ್ಳಿಯ ಕೊರಳಲ್ಲಿತ್ತು. ಗಂಡ ನನ್ನ ಮುಖ ನೋಡಿದರು. "ಪಾಲಮ್ಮ, ನೀನೇ ಕಟ್ಟಿದ್ದಲ್ವಾ?" ಎಂದುಬಿಟ್ಟೆ.

ಆಕೆ ಒಮ್ಮೆ ನನ್ನನ್ನು ನೋಡಿ, ಗಂಗೆಯ ಹೊಟ್ಟೆ ನೀವುತ್ತ ಕೂತಳು. ಸಂಜೆಯಾಗುವಷ್ಟರಲ್ಲಿ ಗಂಗೆ ಸತ್ತಿತು. ಹೊಟ್ಟೆಯೊಳಗಿನ ಕರುವೂ ಹೋಯಿತು.

ಮರುದಿನ ಪಾಲಮ್ಮ ಬರಲಿಲ್ಲ. ಮೂರನೇ ದಿನ ಗಂಡನಿಗೆ ನಿಜ ಹೇಳಿ, ಆಕೆಯ ಮನೆಗೆ ಹೋದೆ. ಕುಡಿಯಲು ನೀರು ಕೊಟ್ಟಳು. "ತಪ್ಪು ನಂದು" ಎಂದೆ.

"ಗೊತ್ತು ಕಣವ್ವ. ಪಟ್ಟಿ ಯಾರ ಕೈಯಾಗಾದ್ರೂ ಬದಲಾಗ್ತೈತೆ. ನಾನು ಹೇಳ್ದಾಗ ಒಂದ್ಸಲ ಎದ್ದು ಬಂದು ನೋಡಿದ್ರೆ ಸಾಕಿತ್ತು."

ಎಷ್ಟು ಕರೆದರೂ ಆಕೆ ಮತ್ತೆ ಕೆಲಸಕ್ಕೆ ಬರಲಿಲ್ಲ.

ಯಂತ್ರ ಈಗಲೂ ಇದೆ. ಅದನ್ನು ದೂರುವುದಿಲ್ಲ. ಮೊನ್ನೆ ಲಸಿಕೆ ಹಾಕಲು ಬಂದ ಅದೇ ಡಾಕ್ಟರು, "ಪಟ್ಟಿ ಅದಲುಬದಲು ಮಾಡಿದ ಆಯಮ್ಮನ್ನ ಬಿಡಿಸಿದ್ದು ಒಳ್ಳೇದಾಯ್ತು ಬಿಡ್ರಿ" ಎಂದರು. ನಿಜ ಹೇಳಬೇಕೆಂದು ಬಾಯಿ ತೆರೆದವಳು, ಟೀ ತರುತ್ತೇನೆಂದು ಒಳಗೆ ಹೋದೆ.