ದೇವರ ಜಗಲಿಯ ವಾಲ್ವ್

ನಮ್ಮ ಮನೆಯವರ ಗಾಡಿ ಎಂದೂ ಬಿಸಿಯಾಗುವುದಿಲ್ಲ. ಇದು ಅವರ ಜೀವನದ ದೊಡ್ಡ ಸಾಧನೆ. ಗೊಬ್ಬೂರದ ನಮ್ಮ ಕಟ್ಟೆಗೆ ಯಾರೇ ಬಂದು ಕೂತರೂ, ಚಹಾ ಕೈಗೆ ಬರುವ ಮೊದಲೇ ಈ ಸುದ್ದಿ ಕಿವಿಗೆ ಬಂದಿರುತ್ತಿತ್ತು.

"ಉರಿ ಬಿಸಲಾಗ ಆಳಂದ ತನಕ ಹೊಡದೇನ್ರಿ. ಕಾಟಾ ಎದ್ದಿಲ್ಲ, ಮಲಗೇ ಅದ!"

ಕಾಟಾ ಅಂದರೆ ಸ್ಟೇರಿಂಗಿನ ಹಿಂದೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು. ಬಂದವರು ತಲೆದೂಗುತ್ತಿದ್ದರು. ವರ್ಷಗಟ್ಟಲೆ ಏಳದೆ ಮಲಗಿದ್ದನ್ನು ಆರೋಗ್ಯ ಎಂದು ಹೊಗಳುವವರ ಜೊತೆ ವಾದ ಮಾಡಿ ಏನು ಸಿಗುತ್ತದೆ ಎಂದು ನಾನು ಚಹಾ ಸೋಸುತ್ತಿದ್ದೆ.

ಹೋದ ಚಳಿಗಾಲದಲ್ಲಿ ಮಗಳಿಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಕೂಸು ನನ್ನ ಅಂಗೈ ಮತ್ತು ಮೊಳಕೈ ನಡುವೆ ಮಲಗುವಷ್ಟಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅದು, ಹೊರಗೆ ಬೆಂಚಿನ ಮೇಲೆ ಎದೆಹಾಲು ಹಿಂಡಿ ಕೊಡುತ್ತ ನನ್ನ ಮಗಳು. ಕಡೆಗೂ ಮನೆಗೆ ಬಿಟ್ಟರು. ಆದರೆ ತೂಕ ಮತ್ತು ಕಣ್ಣು ನೋಡಲು ವಾರಕ್ಕೊಮ್ಮೆ ಬೆಳಗಿನ ಜಾವವೇ ಹೊರಟು ಬರಬೇಕೆಂದರು.

ಮೊದಲ ಸಲ ಹೊರಟಾಗ ಹೊಲಗಳ ಮೇಲೆ ಮಂಜು ಕೂತಿತ್ತು. ಮಗಳು ಕೂಸನ್ನು ಎದೆಗವಚಿಕೊಂಡು ಹಿಂದೆ ಕೂತಳು. ನಾನು ಹೀಟರಿನ ಗುಂಡಿ ಕೆಂಪು ಕಡೆಗೆ ಪೂರ್ತಿ ತಿರುಗಿಸಿದೆ. ಭರ್ರೆಂದು ಗಾಳಿ ಬಂತು, ಮಂಜಿಗಿಂತ ಥಂಡಿ. ಬಂದ್ ಮಾಡಿದೆ. ಆಸ್ಪತ್ರೆ ಮುಟ್ಟಿದಾಗ ಕೂಸಿನ ಕಾಲುಗಳು ತಣ್ಣಗಾಗಿದ್ದವು. ಡಾಕ್ಟರಮ್ಮ ಅದನ್ನು ಕಸಿದುಕೊಂಡವರಂತೆ ಎತ್ತಿ ಶಾಖದ ದೀಪದ ಕೆಳಗೆ ಮಲಗಿಸಿದರು.

"ಮುಂದಿನ ವಾರನೂ ಹಿಂಗೇ ತಣ್ಣಗ ತಂದ್ರ ಮನಿಗೆ ಕಳಸಲ್ಲ ನೋಡ್ರಿ. ಮತ್ತ ಪೆಟ್ಟಿಗ್ಯಾಗ ಇಡತೇವಿ."

ಮಗಳು ಮನೆಗೆ ಬಂದು ಹೊರಸಿನ ಮೇಲೆ ಕೂತು, "ಅವ್ವಾ, ಆ ಬೆಂಚಿನ ಮ್ಯಾಲ ನಾ ಮತ್ತ ಕೂಡಲ್ಲ," ಎಂದಳು.

ಸುದ್ದಿ ಮಗಳ ಅತ್ತೆಮನೆ ಇಜೇರಿಗೆ ಮುಟ್ಟಿ ಬೀಗತಿ ಓಡಿ ಬಂದರು. ಅವರ ಬಳಿ ಪರಿಹಾರ ತಯಾರಿತ್ತು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ಇಟ್ಟು ಅಜವಾನ ಉದುರಿಸುತ್ತಾರೆ. ಅದೇ ಬುಟ್ಟಿಯನ್ನು ಗಾಡಿಯಲ್ಲಿ ಕಾಲ ಕೆಳಗೆ ಇಟ್ಟುಕೊಳ್ಳಬೇಕಂತೆ, ಗ್ಲಾಸು ಏರಿಸಿ.

"ಗ್ಲಾಸ್ ಏರಸಿದ್ರ ಹೊಗಿ ಎಲ್ಲಿ ಹೋಗಬೇಕ್ರಿ ಬೀಗತಿ?"

"ಲೋಬಾನ ಹಾಕ್ರಲ್ಲ, ಘಮಘಮ ಅಂತದ."

ಘಮಘಮ ಎನ್ನುತ್ತಲೇ ನಾವೆಲ್ಲ ಕಣ್ಣು ಮುಚ್ಚುವುದನ್ನು ನೆನೆದು, ಅವರಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟು ಬಸ್ಸಿಗೆ ಕಳಿಸಿದೆ.

ಬಾಡಿಗೆ ಗಾಡಿಯವರನ್ನೂ ಕೇಳಿದೆ, ಹೀಟರ್ ಅದ ಏನ್ರಿ ಅಂತ. "ಬ್ಯಾಸಗಿ ತನಕ ತಡೀರಿ, ಫುಕಟ್ ಹೀಟರ್," ಎಂದು ನಕ್ಕರು. ಮನೆಯವರು ಅಫಜಲಪುರದ ತಮ್ಮ ಖಾಸಾ ಮಿಸ್ತ್ರಿಯ ಬಳಿ ಗಾಡಿ ಒಯ್ದರು. ನಾನೂ ಹೋದೆ, ಇಬ್ಬರು ಗಂಡಸರು ಸೇರಿದರೆ ಕೆಲಸಕ್ಕಿಂತ ಮಾತು ಹೆಚ್ಚಾಗುತ್ತದೆ ಎಂದು. ಮಿಸ್ತ್ರಿ ಬಾನೆಟ್ಟನ್ನು ಎತ್ತಲೂ ಇಲ್ಲ. ಕಿಟಕಿಯೊಳಗೆ ಕೈ ಚಾಚಿ ಗಾಳಿ ಮುಟ್ಟಿ, "ಗ್ಯಾಸ್ ಖಾಲಿ ಆಗ್ಯಾದ್ರಿ," ಎಂದ.

"ಗ್ಯಾಸ್ ಎ.ಸಿ.ಗಲ್ಲೇನ್ರಿ? ಅದು ಥಂಡಿ ಮಾಡೂದು."

"ಅಕ್ಕೋರೆ, ಥಂಡಿನೂ ಅದೇ, ಗರಂನೂ ಅದೇ. ಗುಂಡಿ ತಿರುವಿದ್ ಮ್ಯಾಲ ಅದಕ್ಕ ತಿಳಿತದ."

"ಸುಮ್ಕಿರ್ ಬೇ, ಅಂವಗ ತಿಳೀತದ," ಎಂದರು ಮನೆಯವರು. ತಿಳಿಯುವ ಗ್ಯಾಸು, ತಿಳಿದ ಮಿಸ್ತ್ರಿ, ಇಬ್ಬರನ್ನೂ ತಿಳಿದುಕೊಂಡ ಗಂಡ. ಗ್ಯಾಸ್ ತುಂಬಿಸಿಕೊಂಡು ಹೊರಟೆವು. ಗಾಳಿ ಈಗ ಇನ್ನೂ ಥಂಡಿಯಾಗಿತ್ತು. ಅರ್ಧ ದಾರಿಯಲ್ಲಿ ಅವರು ತಾವೇ ಮಫ್ಲರ್ ಸುತ್ತಿಕೊಂಡರು.

ಮರುದಿನ ಮಗಳು ಹೊರಸಿನ ಮೇಲಿಂದಲೇ ಮೊಬೈಲಿನಲ್ಲಿ ಯಾರೋ ಗುಡ್ಡಗಾಡಿನ ಡ್ರೈವರ್‌ನ ವಿಡಿಯೋ ಹುಡುಕಿದಳು. ಅವನ ಊರಲ್ಲಿ ಹಿಮ ಬೀಳುತ್ತದಂತೆ. ಹೀಟರ್ ಕೆಟ್ಟರೆ ಅಲ್ಲಿ ಮಾತಲ್ಲಿ ಕಾಲ ಕಳೆಯಲು ಆಗುವುದಿಲ್ಲ. ಅವನು ಹಿಂದಿಯಲ್ಲಿ ಹೇಳುವುದನ್ನು ಮಗಳು ಕಿಟಕಿಯಿಂದ ಕೂಗಿ ಹೇಳುತ್ತಿದ್ದಳು, ನಾನು ಅಂಗಳದಲ್ಲಿ ಬಾನೆಟ್ ಎತ್ತಿ ನಿಂತಿದ್ದೆ.

"ಹೀಟರಿಗೆ ಬಿಸಿ ಬರೂದು ಇಂಜಿನ್ನಿನ ನೀರಿಂದಂತ ಅವ್ವಾ. ಮೊದ್ಲ ನೀರ ನೋಡು, ಇಂಜಿನ್ ತಣ್ಣಗಿದ್ದಾಗ."

ರೇಡಿಯೇಟರಿನಲ್ಲಿ ನೀರು ಅಂಚಿನವರೆಗೆ ಇತ್ತು.

"ಈಗ ಸುರು ಮಾಡಿ, ಹೀಟರ್ ಹಚ್ಚಿ ಸ್ವಲ್ಪ ಹೊತ್ತು ಬಿಡು. ಒಳಗ ಹೋಗೂ ಸಣ್ಣ ಪೈಪ್ ಎರಡ ಅದಾವು ನೋಡು, ಮುಟ್ಟು. ಒಂದು ಬಿಸಿ ಒಂದು ಥಂಡಿ ಇದ್ರ ಒಳಗ ಕಸ ಕಟ್ಟ್ಯಾದ ಅಂತ. ಎರಡೂ ಥಂಡಿ ಇದ್ರ ಇಂಜಿನ್ನೇ ಬಿಸಿ ಆಗಿಲ್ಲ ಅಂತ."

ಫ್ಯಾನಿನ ಕಡೆ ಸೆರಗು ಹೋಗದಂತೆ ಬಿಗಿದು ಕಟ್ಟಿ ಮುಟ್ಟಿದೆ. ಎರಡೂ ಪೈಪು ಎಮ್ಮೆಯ ಮೂಗಿನಷ್ಟು ಬೆಚ್ಚಗಿದ್ದವು, ಅದಕ್ಕಿಂತ ಹೆಚ್ಚಿಲ್ಲ. ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ಪೈಪೂ ಅಷ್ಟೇ. ಅದು ಮೊದಲು ತಣ್ಣಗೇ ಇದ್ದು, ಇಂಜಿನ್ ಕಾದ ಮೇಲೆ ಒಮ್ಮೆಲೇ ಬಿಸಿಯಾಗಬೇಕಂತೆ. ನಮ್ಮಲ್ಲಿ ಮೊದಲಿನಿಂದಲೇ ನೀರು ರೇಡಿಯೇಟರಿಗೆ ಓಡಿ ತಣ್ಣಗಾಗಿ ಬರುತ್ತಿತ್ತು.

"ನಡುವ ಒಂದು ವಾಲ್ವ್ ಇರ್ತದಂತ ಅವ್ವಾ. ಇಂಜಿನ್ ಕಾಯೂ ತನಕ ನೀರ ತಡೀತದಂತ. ಹಿಂಗಿರ್ತದ ನೋಡು."

ಕಿಟಕಿಗೆ ಬಂದು ಮೊಬೈಲಿನ ಚಿತ್ರ ನೋಡಿದೆ. ಹಿತ್ತಾಳೆಯ ದುಂಡನೆಯ ತಗಡು, ನಡುವೆ ಸ್ಪ್ರಿಂಗು, ಅಂಚಿನಲ್ಲಿ ಒಂದು ಸಣ್ಣ ತೂತು. ಆ ತೂತು ನನಗೆ ಚೆನ್ನಾಗಿ ಗೊತ್ತಿತ್ತು. ಹಲವು ವರ್ಷಗಳಿಂದ ದಿನಾ ಬೆಳಿಗ್ಗೆ ಅದರಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದೆ.

ದೇವರ ಜಗಲಿಯಿಂದ ಅದನ್ನು ಎತ್ತಿ, ಬೂದಿ ಒರೆಸಿ, ಕಟ್ಟೆಯ ಮೇಲೆ ಕೂತಿದ್ದ ಮನೆಯವರ ಮುಂದೆ ಹಿಡಿದೆ.

"ಇದು ಎಲ್ಲಿಂದ ಬಂತ್ರಿ?"

"ಅದಾ? ಆಳಂದದಾಗ ಗಾಡ್ಯಾಗಿಂದ ತೆಗಸಿದ್ದು, ಹಿತ್ತಾಳಿ ಅಂತ ಮನಿಗೆ ತಂದೆ. ಮದುವಿಗೆ ಹೋದಾಗ ಗಾಡಿ ಹೊಗಿ ಬಿಟ್ಟಿತ್ತಲ್ಲ, ಆವತ್ತು. ನಮ್ ಕಡಿ ಸೆಕಿಗೆ ಇದು ಬೇಕಾಗಿಲ್ಲ ಅಂದ ಅಲ್ಲಿ ಮಿಸ್ತ್ರಿ. ಕಂಪನಿಯವ್ರು ಇಂಜಿನ್ ಕಾಯಸಿ ಕೆಡಸಾಕಂತ ಹಾಕಿರ್ತಾರ. ತೆಗದ ಮ್ಯಾಲ ಕಾಟಾ ಎಂದಾರ ಎದ್ದದೇನ್ ಹೇಳು!"

ವಾರವಿಡೀ ಹೀಟರ್ ಹೀಟರ್ ಎಂದು ಒದ್ದಾಡುತ್ತಿದ್ದಾಗ ಈ ಮಾತು ಅವರ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಇಂಜಿನ್ ಬಿಸಿಯಾಗದ್ದಕ್ಕೆ ಮೀಸೆ ತಿರುವುವ ಕೈ ಒಂದು, ಬಿಸಿ ಗಾಳಿ ಬರಲಿಲ್ಲವೆಂದು ಹಣೆ ಚಚ್ಚಿಕೊಳ್ಳುವ ಕೈ ಇನ್ನೊಂದು. ಎರಡೂ ಒಂದೇ ಮೈಯವು ಎಂದು ಅವರಿಗೆ ಯಾರು ಹೇಳಬೇಕು?

"ಆವತ್ತು ನೀರಿನ ಪೈಪೂ ಒಡದಿತ್ತಲ್ರಿ?"

"ಒಡದಿತ್ತು. ಅದನ್ನೂ ಬದಲ ಮಾಡ್ಯಾನ."

ಅಂದರೆ ನೀರು ಸೋರಿಸಿದ್ದು ಪೈಪು, ಶಿಕ್ಷೆಯಾದದ್ದು ವಾಲ್ವಿಗೆ.

ಒಲೆಯ ಮೇಲೆ ಪಾತೆಲಿಯಲ್ಲಿ ನೀರಿಟ್ಟು ವಾಲ್ವನ್ನು ಮುಳುಗಿಸಿದೆ. ವಿಡಿಯೋದವನು ಹಾಗೇ ಹೇಳಿದ್ದ. ನೀರು ಕುದಿಗೆ ಬರುವ ಹೊತ್ತಿಗೆ ಅದು ನಿಧಾನಕ್ಕೆ ಬಾಯಿ ತೆರೆಯಿತು. ಚಿಮಟದಲ್ಲಿ ಎತ್ತಿ ತಣ್ಣೀರಿಗೆ ಹಾಕಿದೆ, ಮುಚ್ಚಿಕೊಂಡಿತು. ಇಷ್ಟು ವರ್ಷ ದೇವರ ಮುಂದೆ ಕೂತಿದ್ದರೂ ತನ್ನ ಕೆಲಸ ಮರೆತಿರಲಿಲ್ಲ.

ಅಫಜಲಪುರದ ಮಿಸ್ತ್ರಿಗೆ ಮುಖ ತೋರಿಸಲು ಮನೆಯವರಿಗೆ ಮನಸ್ಸಿರಲಿಲ್ಲ. ಅಳಿಯನ ಗುರುತಿನ ಗ್ಯಾರೇಜಿಗೆಂದು ಜೇವರ್ಗಿಗೆ ಹೋದೆವು. ಅಲ್ಲಿಯ ಮಿಸ್ತ್ರಿ ವಾಲ್ವ್ ನೋಡಿ, ಎಣ್ಣೆಯ ಹಳೆಯ ಡಬ್ಬಿಯೊಂದನ್ನು ಎತ್ತಿ ಅಲುಗಾಡಿಸಿದ. ಒಳಗೆ ಇಂಥವೇ ವಾಲ್ವುಗಳು ಖಣಖಣ ಎಂದವು.

"ಬಂದ ಗಾಡಿದೆಲ್ಲ ನಾ ತೆಗಿಯಾಕತ್ತೇನಿ, ನೀವು ಹಾಕು ಅಂತೀರಿ. ಬ್ಯಾಸಗ್ಯಾಗ ಕುದ್ರ ನನ್ನ ಕೇಳಬ್ಯಾಡ್ರಿ ಮತ್ತ."

"ಕೇಳಲ್ಲ. ಗ್ಯಾಸ್ಕೆಟ್ ಹೊಸದು ಹಾಕ್ರಿ," ಎಂದೆ.

ಆ ಡಬ್ಬಿ ತುಂಬ ಸೀಮೆಯ ಗಾಡಿಗಳ ಬುದ್ಧಿ ಕೂತಿತ್ತು. ಅವುಗಳ ಮಾಲೀಕರೆಲ್ಲ ಈಗ ಯಾವ ಯಾವ ಕಟ್ಟೆಯ ಮೇಲೆ ಕೂತು, ತಮ್ಮ ಕಾಟಾ ಏಳುವುದಿಲ್ಲ ಎಂದು ಯಾರ ಕಿವಿ ತಿನ್ನುತ್ತಿದ್ದರೋ.

ವಾಲ್ವ್ ಕೂತಿತು. ಹೊಸ ಕೂಲಂಟ್ ಸುರಿದದ್ದಾಯಿತು. ಇಂಜಿನ್ ಸುರುವಾಗಿ ಕಾಟಾ ವರ್ಷಗಳ ನಿದ್ದೆಯಿಂದ ಎದ್ದು ನಡುವಿಗೆ ಬಂತು. ಗುಂಡಿ ತಿರುಗಿಸಿದೆ. ಥಂಡಿ ಗಾಳಿ! ಮನೆಯವರ ಮುಖ ಅರಳಿತು. ಮೊಮ್ಮಗುವಿಗೆ ಬೇಕಾದ ಬಿಸಿ ಬರಲಿಲ್ಲ, ಅವರಿಗೆ ಬೇಕಾದ ಗೆಲುವು ಬಂತು.

"ನಾ ಹೇಳಿಲ್ಲೇನ್? ವಾಲ್ವಿಂದೇನೂ ಇಲ್ಲ ಬೇ ಅದು."

ಡ್ಯಾಶ್‌ಬೋರ್ಡಿಗೆ ಕಿವಿ ಇಟ್ಟೆ. ಒಳಗೆ ಗುಳುಗುಳು ಸದ್ದು.

"ಹೊಲದಾಗ ಪಂಪ್ ತಿರುಗಾಕತ್ತಿರ್ತದ, ನೀರ ಬರಲ್ಲ, ಗುಳುಗುಳು ಅಂತದ. ಆವಾಗೇನ್ ಮಾಡ್ತೀರಿ?"

"ಗಾಳಿ ಹಿಡದಿರ್ತದ. ಗಾಳಿ ತೆಗೀತೇನಿ," ಎಂದವರೇ ಬಾನೆಟ್ಟಿನ ಕಡೆ ತಿರುಗಿದರು.

ಇಂಜಿನ್ ಆರುವವರೆಗೆ ಕಾದೆವು. ರೇಡಿಯೇಟರಿನ ಮುಚ್ಚಳ ತೆಗೆದು, ಹೀಟರ್ ಹಚ್ಚಿಟ್ಟೇ ಮತ್ತೆ ಇಂಜಿನ್ ಸುರು ಮಾಡಿದರು. ಗುಳ್ಳೆ ಎದ್ದಂತೆಲ್ಲ ನೀರು ಇಳಿಯಿತು, ಇಳಿದಂತೆಲ್ಲ ಮನೆಯವರೇ ಸುರಿದರು. ಹೊಲದ ಕೆಲಸವಾದರೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಳ್ಳೆ ನಿಂತವು, ಮುಚ್ಚಳ ಬಿಗಿದರು. ಸ್ವಲ್ಪ ಹೊತ್ತಿಗೆ ನನ್ನ ಅಂಗೈಗೆ ರೊಟ್ಟಿಯ ಹಂಚಿನ ಮೇಲೆ ಹಿಡಿದಂತೆ ಶಾಖ ತಾಗಿತು.

ಆ ವಾರ ಮಂಜು ಇನ್ನೂ ದಟ್ಟವಾಗಿತ್ತು. ಗಾಡಿಯನ್ನು ಮೊದಲೇ ಬೆಚ್ಚಗೆ ಮಾಡಿಕೊಂಡು, ಮಗಳನ್ನೂ ಕೂಸನ್ನೂ ಕೂರಿಸಿಕೊಂಡು ಹೊರಟೆವು. ಮಗಳು ಸ್ವಲ್ಪ ದೂರ ಹೋಗುತ್ತಲೇ ಶಾಲು ಸಡಿಲಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸಿನ ಹೊಟ್ಟೆ ಮುಟ್ಟಿದರು, ಆಮೇಲೆ ಅಂಗಾಲು.

"ಬೆಚ್ಚಗದ. ತೂಕನೂ ಏರ್ಯಾದ. ಕರಕೊಂಡ್ ಹೋಗ್ರಿ."

ಮಗಳು ಕೂಸನ್ನು ಎತ್ತಿಕೊಂಡು, ಆ ಬೆಂಚಿನ ಮುಂದೆಯೇ ಹಾದು, ಅದರ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದಳು.

ಗೇಟಿನ ಹತ್ತಿರ ಮನೆಯವರು ಯಾರೋ ಅಪರಿಚಿತನನ್ನು ಹಿಡಿದು ನಿಲ್ಲಿಸಿಕೊಂಡಿದ್ದರು. "ಕೈ ಇಟ್ಟು ನೋಡ್ರಿ, ಹ್ಯಾಂಗ್ ಸುಡ್ತದ. ಕಾಟಾ ನಡುವಿನಿಂದ ಅಲುಗಲ್ಲ! ಮಂದಿ ವಾಲ್ವ್ ತೆಗಸ್ತಾರ, ಖಬರಿಲ್ಲದವ್ರು."

ನಾನು ಬಾಗಿಲು ತೆಗೆದು ಮಗಳನ್ನು ಹತ್ತಿಸಿದೆ. ಊದಿನಕಡ್ಡಿಯನ್ನು ಈಗ ಬಾಳೆಹಣ್ಣಿಗೆ ಚುಚ್ಚುತ್ತೇನೆ.