ಚಾಪೆಯ ಮೇಲೆ ಎಂಟು ತಂತಿ

೨೦೨೩ರಲ್ಲಿ ನಾನು ರಾಜಾಜಿನಗರದ ಒಂದು ವಾದ್ಯಗಳ ಅಂಗಡಿಯಲ್ಲಿ ಗಿಟಾರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಮಾರಾಟಕ್ಕಿಂತ ಹೆಚ್ಚಾಗಿ ನನ್ನ ಕೆಲಸ ‘ಸೆಟಪ್’. ಅಂದರೆ ಫ್ಯಾಕ್ಟರಿಯಿಂದ ಬಂದ ಗಿಟಾರನ್ನು ಕೊಳ್ಳುವವರ ಕೈಗೆ ಹೊಂದುವಂತೆ ಸರಿಮಾಡಿ ಕೊಡುವುದು. ಹೊಸಬರು ನನ್ನ ನರೆಗೂದಲು ನೋಡಿ, “ಆಂಟಿ, ಇಲ್ಲಿ ಗಿಟಾರ್ ನೋಡ್ಕೊಳ್ಳೋರು ಯಾರು?” ಎಂದು ಕೇಳುತ್ತಿದ್ದರು. “ನಿನ್ನೆದುರಿಗೆ ನಿಂತಿರೋಳೇ ಕಣಪ್ಪ” ಎನ್ನುವುದು ನನಗೂ ಬಾಯಿಪಾಠವಾಗಿಬಿಟ್ಟಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಇಬ್ಬರು ಹುಡುಗರು ಬಂದರು. ಒಬ್ಬ ವಿಜಯನಗರದ ಚೇತನ್, ಡ್ರಮ್ಸ್ ನುಡಿಸುವವನು, ನಮ್ಮ ಹಳೆಯ ಗಿರಾಕಿ. ಇನ್ನೊಬ್ಬ ಫಕ್ಕೀರೇಶ. ಗದಗದ ಕಡೆಯವನು, ಲಗ್ಗೆರೆಯಲ್ಲಿ ರೂಮು, ಬೈಕಿನಲ್ಲಿ ಊಟದ ಡೆಲಿವರಿ ಮಾಡುವ ಕೆಲಸ. ಚೇತನ್‌ನ ‘ಮೆಟಲ್’ ಎಂಬ ಅಬ್ಬರದ ಸಂಗೀತದ ಬ್ಯಾಂಡಿಗೆ ಗಿಟಾರ್ ನುಡಿಸುತ್ತಿದ್ದ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದ.

“ಆಂಟಿ, ನಮ್ ಬಜೆಟ್‌ಗೆ ಸಿಗೋ ಏಯ್ಟ್ ಸ್ಟ್ರಿಂಗ್ ಎಲ್ಲಾ ತೆಗೀರಿ,” ಎಂದ ಚೇತನ್.

ಸಾಮಾನ್ಯ ಗಿಟಾರಿಗೆ ಆರು ತಂತಿ. ಎಂಟು ತಂತಿಯದಕ್ಕೆ ಕೆಳಸ್ಥಾಯಿಯ ಎರಡು ದಪ್ಪ ತಂತಿಗಳು ಹೆಚ್ಚು. ಹಾಗಾಗಿ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ, ಅಗಲವಾಗುತ್ತದೆ. ದಪ್ಪ ತಂತಿ ಸಡಿಲವಾಗಿ ಗೊರಗೊರ ಎನ್ನದಿರಲು ತಂತಿಯ ಉದ್ದವನ್ನೂ ಹೆಚ್ಚಿಸುತ್ತಾರೆ. ಅಷ್ಟೂ ಭಾರ ಕಡೆಗೆ ಎಡಗೈಗೇ ಬಂದು ಬೀಳುತ್ತದೆ.

ಫಕ್ಕೀರೇಶನ ಎಡಗೈ ಮಣಿಕಟ್ಟು ಆಗಲೇ ಕೆಟ್ಟಿತ್ತು. ಸ್ನೇಹಿತರೊಬ್ಬರ ಎಂಟು ತಂತಿಯ ಗಿಟಾರನ್ನು ಕೆಲವು ತಿಂಗಳು ಇಟ್ಟುಕೊಂಡು ನುಡಿಸಿದ್ದ. ಬೈಕಿನ ಕ್ಲಚ್ ಹಿಡಿಯುವುದೂ ಅದೇ ಕೈ. ಸ್ವಲ್ಪ ದಿನ ವಿಶ್ರಾಂತಿ ಕೊಟ್ಟ ಡಾಕ್ಟರು, ನೋವು ಮತ್ತೆ ಬಂದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ ಎಂದಿದ್ದರು.

“ಗಾಡಿ ಬಿಟ್ರ ಊಟಾ ಇಲ್ರಿ ಅಕ್ಕಾರ,” ಎಂದ. “ಗಿಟಾರ್ ಬಿಡಬೇಕಾಗ್ತದ.”

ಆರು ತಂತಿಗೇ ವಾಪಸು ಹೋಗಬಾರದೇಕೆ ಎಂದು ಕೇಳಿದೆ. ಆ ದಪ್ಪ ತಂತಿಯನ್ನು ಮೀಟಿದಾಗ ಎದೆಯೊಳಗೆ ಏನೋ ಗುಂಯ್ ಎನ್ನುತ್ತದೆ, ಅದಿಲ್ಲದೆ ನುಡಿಸಿದರೆ ಸಪ್ಪೆ ಎಂದ. ಬ್ಯಾಂಡಿನ ಹಾಡುಗಳನ್ನೆಲ್ಲ ಅದಕ್ಕೇ ಕಟ್ಟಿದವನೂ ಅವನೇ. ಹುಡುಗನ ಮುಖ ನೋಡಿ ನನಗೆ ಸಂಕಟವಾಯಿತು.

ಮೂರು ಗಿಟಾರ್ ತೆಗೆದೆ. ಮೊದಲನೆಯದರಲ್ಲಿ ತಂತಿಯ ಉದ್ದ ಇಪ್ಪತ್ತೆಂಟು ಇಂಚು. ದಪ್ಪ ತಂತಿ ಬಿಗಿಯಾಗಿ, ಸ್ಪಷ್ಟವಾಗಿ ನುಡಿಯುತ್ತಿತ್ತು, ಆದರೆ ಫ್ರೆಟ್‌ಗಳು, ಅಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಕಂಬಿಗಳು, ದೂರ ದೂರ. ಎರಡನೆಯದು ಇಪ್ಪತ್ತಾರೂವರೆ ಇಂಚು. ನೆಕ್ ತೆಳು, ಫ್ರೆಟ್‌ಗಳು ಬೆರಳಿಗೆ ಎಟಕುವ ಹಾಗಿದ್ದವು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮೂರನೆಯದು ‘ಹೆಡ್‌ಲೆಸ್’. ನೆಕ್ಕಿನ ತುದಿಯಲ್ಲಿ ತಲೆಯೇ ಇಲ್ಲ, ಶ್ರುತಿ ಮಾಡುವ ತಿರುಪುಗಳೆಲ್ಲ ಕೆಳಗೆ ಬಾಲದ ಕಡೆ. ನೋಡಲು ಮೊಂಡು, ನೆಕ್ ಕೂಡ ಕೊಂಚ ದಪ್ಪ. ಬಂದ ದಿನದಿಂದ ಅದನ್ನು ಯಾರೂ ತಿರುಗಿಯೂ ನೋಡಿರಲಿಲ್ಲ.

ಆಂಪ್ಲಿಫೈಯರ್ ಹಾಕಲು ನಾನು ಬಿಡಲಿಲ್ಲ. ಸದ್ದು ಜೋರಾದರೆ ಕೈಗೆ ಏನಾಗುತ್ತಿದೆ ಎಂಬುದು ಗಮನಕ್ಕೇ ಬರುವುದಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೆ ಪಟ್ಟಿ ಹಾಕಿಸಿ, ಒಂದೊಂದನ್ನೂ ನುಡಿಸಲು ಹೇಳಿದೆ. ಎಲ್ಲ ಅಂಗಡಿಯಲ್ಲೂ ನಡೆಯುವ ಪದ್ಧತಿ ಇದೇ. ಎರಡನೆಯದನ್ನು ಹಿಡಿದಾಗ ಫಕ್ಕೀರೇಶನ ಬೆರಳುಗಳು ಸರಾಗವಾಗಿ ಓಡಿದವು.

“ಇದೇ ಫೈನಲ್ ಮಗಾ! ಲುಕ್ ನೋಡೋ!” ಎಂದ ಚೇತನ್.

ನನಗೂ ಹಾಗೇ ಅನ್ನಿಸಿತು. ಇನ್ನೊಂದಿಷ್ಟು ಹೊತ್ತು ನುಡಿಸುತ್ತಿರು ಎಂದು ಹೇಳಿ, ಬೇರೊಬ್ಬರ ಗಿಟಾರಿಗೆ ತಂತಿ ಹಾಕಲು ಒಳಗೆ ಹೋದೆ.

ವಾಪಸು ಬಂದಾಗ ಸ್ಟೂಲು ಖಾಲಿ. ಫಕ್ಕೀರೇಶ ಪಟ್ಟಿ ಬಿಚ್ಚಿಟ್ಟು, ನೆಲದ ಮೇಲೆ ಹಾಸಿದ್ದ ರಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅದೇ ಕಪ್ಪು ಗಿಟಾರನ್ನು ನುಡಿಸುತ್ತಿದ್ದ. ಹುಬ್ಬು ಗಂಟಿಕ್ಕಿತ್ತು. ಮಣಿಕಟ್ಟು ಕೊಕ್ಕೆಯಂತೆ ಬಾಗಿತ್ತು.

“ನೆಲದ ಮೇಲೆ ಯಾಕಪ್ಪ ಕೂತೆ?”

“ಹಿಂಗ ರೂಢಿ ಐತ್ರಿ. ನಾಕ್ ಮಂದಿ ಇರೋ ರೂಮ್‌ನ್ಯಾಗ ಕುರ್ಚಿ ಎಲ್ಲಿ ಹಾಕೂದ್ರಿ? ಚಾಪಿ ಮ್ಯಾಲ ಕುಂತ ಬಾರಸ್ತೇನಿ. ಊರಾಗ ಭಜನಿಯೊಳಗ ಪೇಟಿ ಬಾರಸ್ತಿದ್ದೆ, ಅವಾಗ್ಲಿಂದ ಹಿಂಗ.”

ಪೇಟಿ ಎಂದರೆ ಹಾರ್ಮೋನಿಯಂ. ಅದು ನೆಲದ ಮೇಲೆ ತನ್ನ ಪಾಡಿಗೆ ತಾನು ಕೂತಿರುತ್ತದೆ. ಗಿಟಾರ್ ಹಾಗಲ್ಲ.

“ಎಡಗೈ ತೆಗಿ,” ಎಂದೆ.

ತೆಗೆದ. ಗಿಟಾರಿನ ತಲೆ ಧಡಕ್ಕನೆ ನೆಲದತ್ತ ವಾಲಿತು. ಎಂಟು ತಿರುಪುಗಳ ಭಾರವೆಲ್ಲ ಆ ತುದಿಯಲ್ಲಿತ್ತು. ಸ್ನೇಹಿತರ ಗಿಟಾರಿನಲ್ಲೂ ಇಷ್ಟು ದಿನ ಹೀಗೇ ಅವನ ಎಡಗೈ ನುಡಿಸುತ್ತಲೂ ಇತ್ತು, ಗಿಟಾರನ್ನು ಹೊರುತ್ತಲೂ ಇತ್ತು. ಸ್ಟೂಲು ಮತ್ತು ಪಟ್ಟಿ ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದವು.

ತಲೆಯಿಲ್ಲದ ಮೊಂಡು ಗಿಟಾರನ್ನು ಅವನ ತೊಡೆಯ ಮೇಲಿಟ್ಟೆ. “ಈಗ ಕೈ ಬಿಡು.” ಬಿಟ್ಟ. ಗಿಟಾರ್ ಅಲುಗಲಿಲ್ಲ. ನುಡಿಸಲು ಹೇಳಿದೆ. ನೆಕ್ ದಪ್ಪವಿದ್ದರೂ ಮಣಿಕಟ್ಟು ನೇರವಾಗಿತ್ತು, ಹೆಬ್ಬೆರಳು ಸುಮ್ಮನೆ ಹಿಂದೆ ಒರಗಿತ್ತು. ಹುಬ್ಬಿನ ಗಂಟು ತಾನಾಗಿ ಬಿಚ್ಚಿಕೊಂಡಿತು.

ಚೇತನ್ ಮುಖ ಸಪ್ಪಗಾಯಿತು. “ಆಂಟಿ, ತಲೇನೇ ಇಲ್ವಲ್ಲ! ಸ್ಟೇಜ್ ಮೇಲೆ ನೋಡೋಕೆ ಒಂಥರಾ ಇರತ್ತೆ.”

“ನೋಡೋದು ನಿನ್ನ ಕಣ್ಣು, ನೋಯೋದು ಅವನ ಕೈ. ಸುಮ್ನಿರೋ,” ಎಂದೆ.

ಫಕ್ಕೀರೇಶ ಆ ಮೊಂಡು ಗಿಟಾರನ್ನೇ ಕೊಂಡ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಫ್ರೆಟ್‌ಗಳ ತುದಿ ಚೂಪಾಗಿಯೇ ಉಳಿದಿರುತ್ತದೆ. ಅವನ್ನು ಅರ ಹಾಕಿ ಉಜ್ಜಿ ನುಣುಪು ಮಾಡಿದೆ. ತಂತಿಗಳನ್ನು ಫ್ರೆಟ್‌ಗೆ ಇನ್ನಷ್ಟು ಹತ್ತಿರ ಇಳಿಸಿದೆ. ಕೊಡುವಾಗ, ನೋವು ಕಾಣಿಸಿದರೆ ಕೂಡಲೇ ತಂದುಕೊಡು ಎಂದು ತಾಕೀತು ಮಾಡಿದೆ.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ಡೆಲಿವರಿ ಹುಡುಗರು ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಅವನ ನೆನಪಾಗುತ್ತಿತ್ತು. ಕೈ ಮತ್ತೆ ಕೆಟ್ಟು, ಹೇಳಲು ಸಂಕೋಚಪಟ್ಟು ಎಲ್ಲವನ್ನೂ ಬಿಟ್ಟನೇನೋ ಎಂದು ಹೆದರಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಚೇತನ್ ಫೋನ್ ಮಾಡಿದ. ಜ್ಞಾನಭಾರತಿ ಹತ್ತಿರದ ಒಂದು ಕಾಲೇಜಿನಲ್ಲಿ ಕಾರ್ಯಕ್ರಮವಿದೆ, ಬರಲೇಬೇಕು ಎಂದ.

ಹೋದೆ. ಚೇತನ್ ಡ್ರಮ್ಸ್ ಹಿಂದೆ ತಲೆ ಕೊಡವುತ್ತಿದ್ದ. ಹಾಡುವವನು ವೇದಿಕೆ ತುಂಬ ಕುಣಿಯುತ್ತಿದ್ದ. ಇವರ ನಡುವೆ ಫಕ್ಕೀರೇಶ ಒಂದು ಜಮಖಾನ ಹಾಸಿಕೊಂಡು, ಭಜನೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ! ನೋಡಲು ಸೇರಿದ್ದ ಕಾಲೇಜಿನ ಹುಡುಗರು ಮೊದಲು ನಕ್ಕರು. ದಪ್ಪ ತಂತಿಯ ಮೊದಲ ಮೀಟಿಗೆ ನಗು ನಿಂತು ಕೇಕೆ ಶುರುವಾಯಿತು. ನನಗೆ ಹಾಡಿನ ಕಡೆ ಗಮನವೇ ಇರಲಿಲ್ಲ, ಅವನ ಮಣಿಕಟ್ಟನ್ನೇ ನೋಡುತ್ತಿದ್ದೆ. ಕಡೆಯವರೆಗೂ ಅದು ನೇರವಾಗಿತ್ತು.

ಮುಗಿದ ಮೇಲೆ ಓಡಿ ಬಂದ. “ಕೈ ಹೇಗಿದೆಯಪ್ಪ?” ಎಂದು ಕೇಳಿದೆ.

ಎಡಗೈಯನ್ನು ಮೇಲೆತ್ತಿ, ಮೊದಲ ಸಲ ನೋಡುವವನಂತೆ ನೋಡಿಕೊಂಡ. “ಅಯ್ಯ, ಕೈ ಐತಿ ಅನ್ನೂದ ಮರ್ತುಬಿಟ್ಟಿದ್ದೆ ನೋಡ್ರಿ ಅಕ್ಕಾರ!”

ನನಗೆ ಕಣ್ಣು ತುಂಬಿ ಬಂತು. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

ಒಳ್ಳೆಯ ಗಿಟಾರ್ ಯಾವುದು ಎಂದು ಹುಡುಗರು ಈಗಲೂ ಕೇಳುತ್ತಾರೆ. ನುಡಿಸುವವನಿಗೆ ತನ್ನ ಕೈ ಮರೆಯುವಂತೆ ಮಾಡುವುದೇ ಒಳ್ಳೆಯದು ಎಂದು ಈ ಕೆಲಸ ನನಗೆ ಕಲಿಸಿದೆ. ಅದು ಗೊತ್ತಾಗಬೇಕಾದರೆ, ಅವನು ಮನೆಯಲ್ಲಿ ಕೂರುವ ಹಾಗೆಯೇ ಇಲ್ಲಿಯೂ ಕೂರಬೇಕು. ಸಂಕೋಚಪಟ್ಟರೆ ಮಂಡಿ ನೋವಿದ್ದರೂ ನಾನೇ ಮೊದಲು ನೆಲಕ್ಕೆ ಕೂರುತ್ತೇನೆ.